ಪ್ಲೇಟು ಒರೆಸಿ ಓದಿ

ಐಟಿಐ ಮುಗಿಸಿ ಕೆಲಸಕ್ಕೆ ಸೇರುವ ಹುಡುಗರು ಈಗಲೂ ಆಗಾಗ ರಾಯದುರ್ಗದ ನಮ್ಮ ಮನೆಗೆ ಬರುತ್ತಾರೆ. ಬಂದವರು ಕೇಳುವುದು ಎರಡೇ ಮಾತು. ಯಾವ ಮೀಟರ್ ಕೊಳ್ಳಬೇಕು, ಯಾವ ಫ್ಯಾಕ್ಟರಿಯಲ್ಲಿ ಓವರ್‌ಟೈಮ್ ಕೊಡುತ್ತಾರೆ. ಮಷಿನ್ ಹಿಡಿದವನು ಸಂಜೆ ಮನೆಗೆ ಹೋಗುತ್ತಾನೋ ಇಲ್ಲವೋ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುವ ವಯಸ್ಸು ನನ್ನದು. ಬಾಯಲ್ಲಿ ಹೇಳಿದರೆ ಮೊಬೈಲ್ ನೋಡುತ್ತ ಹೂಂಗುಟ್ಟುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೆಸರು ಎರ್ರಿಸ್ವಾಮಿ. ಊರು ಡಿ. ಹಿರೇಹಾಳ್ ಕಡೆ. ರಾಯದುರ್ಗದ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿತೆ. ಆಮೇಲೆ ಮಡಕಶಿರದ ಹತ್ತಿರ ಒಂದು ಗ್ರಾನೈಟ್ ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಷಿಯನ್ ಆಗಿ, ಅಲ್ಲಿಯೇ ರಿಟೈರ್ ಆದೆ. ಬಡ್ತಿ, ಶಾಲು, ಹಾರದ ಕಥೆ ಇಲ್ಲಿ ಬರುವುದಿಲ್ಲ. ನಾನು ಬರೆಯುವುದು ಕೈಯಲ್ಲಿ ಹಿಡಿದು ಓಡಿಸುವ ಮಷಿನ್‌ಗಳ ಬಗ್ಗೆ: ಡ್ರಿಲ್ಲು, ಗ್ರೈಂಡರು, ಕಟ್ಟರು, ಪಾಲಿಷ್ ಮಷಿನ್ನು. ಮತ್ತು ಅಂಥದೊಂದು ಮಷಿನ್ ಹಿಡಿದುಕೊಂಡೇ ಸತ್ತ ಗಂಗಪ್ಪನ ಬಗ್ಗೆ. ಅವನು ಹೋದ ಮೇಲೆ ಅವನ ಹೆಂಡತಿ ಲಕ್ಷ್ಮಕ್ಕ ನನ್ನ ಹತ್ತಿರ ಬಂದು, ಅವತ್ತು ಅವರು ಕುಡಿದಿದ್ದರಾ ಎಂದು ಕೇಳಿದಳು. ಅದಕ್ಕೆ ಉತ್ತರ ಕೊಟ್ಟಷ್ಟು ಕಷ್ಟದ ಕೆಲಸ ನನ್ನ ಸರ್ವೀಸಿನಲ್ಲಿ ಇನ್ನೊಂದಿಲ್ಲ. ಅಲ್ಲಿಗೆ ಹೋಗುವ ಮೊದಲು ಕೆಲವು ವಿಷಯ ನಿಮಗೆ ಗೊತ್ತಿರಬೇಕು.

ನನಗೆ ಕೆಲಸ ಕಲಿಸಿದವರು ಮಾಬುಸಾಬ್. ಊರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿತ್ತು. ಹಳೆ ಬಸ್ ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಅವರ ಅಂಗಡಿ. ವಾರ್ನಿಷ್ ವಾಸನೆಗೆ ಆ ಸಂದಿಯ ನಾಯಿಗಳೂ ಒಗ್ಗಿಹೋಗಿದ್ದವು. ಜೀನ್ಸ್ ಹೊಲಿಯುವವರ ಮೋಟಾರು, ಬಟ್ಟೆ ಕತ್ತರಿಸುವ ಮಷಿನ್ನು, ಇಸ್ತ್ರಿ ಪೆಟ್ಟಿಗೆ, ಬಡಗಿಗಳ ಡ್ರಿಲ್ಲು, ಸುಟ್ಟಿದ್ದೆಲ್ಲ ನಮ್ಮಲ್ಲಿಗೆ ಬರುತ್ತಿತ್ತು. ಸೇರಿದ ಹೊಸದರಲ್ಲಿ ನಾನು ಬಂದ ಮಷಿನನ್ನು ನೇರ ಬಿಚ್ಚಲು ಕೂರುತ್ತಿದ್ದೆ. ಉಸ್ತಾದ್ ಸ್ಕ್ರೂಡ್ರೈವರ್ ಕಿತ್ತುಕೊಳ್ಳುತ್ತಿದ್ದರು.

"ಏ ಎರ್ರಿ, ಮೊದಲ ಪ್ಲೇಟ್ ಓದಲೇ. ಮಷಿನ್ ಜಾತಕ ಅಲ್ಲಿ ಬರದೈತಿ. ಜಾತಕ ನೋಡಲಾರದ ಮದುವಿ ಮಾಡ್ತಿಯೇನು?"

ಪ್ಲೇಟು ಎಂದರೆ ಮಷಿನಿನ ಮೈಗೆ ಅಂಟಿಸಿರುವ ಬೆರಳುದ್ದದ ತಗಡು. ಅದರಲ್ಲಿ ವೋಲ್ಟು, ವ್ಯಾಟು ಬರೆದಿರುತ್ತದೆ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಅದು ಎಳೆಯುವ ಆಂಪಿಯರ್ ಹೆಚ್ಚುಕಡಿಮೆ ಸಿಗುತ್ತದೆ. ಸಾವಿರದ ಇನ್ನೂರು ವ್ಯಾಟಿನ ಗ್ರೈಂಡರು ಇನ್ನೂರ ಮೂವತ್ತು ವೋಲ್ಟಿನಲ್ಲಿ ಐದು ಆಂಪಿಯರ್ ಮೇಲೆ ಚೂರು ಎಳೆಯುತ್ತದೆ. ಆರು ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಅಷ್ಟೇ ಹೆಚ್ಚು. ಎರಡು ಸಾವಿರ ವ್ಯಾಟಿನ ಕಟ್ಟರು ಒಂಬತ್ತರ ಹತ್ತಿರ ಹೋಗುತ್ತದೆ. ಅದಕ್ಕೆ ದೊಡ್ಡ ಪವರ್ ಪ್ಲಗ್ಗೇ ಆಗಬೇಕು. ಇಷ್ಟು ಲೆಕ್ಕಕ್ಕೆ ಏಳನೇ ಕ್ಲಾಸು ಸಾಕು. ಆದರೆ ದೊಡ್ಡ ಪಿನ್ನು ಸಣ್ಣ ತೂತಿಗೆ ಹೋಗದಿದ್ದಾಗ ನಮ್ಮ ಜನ ಲೆಕ್ಕ ಹಾಕುವುದಿಲ್ಲ. ಪ್ಲಗ್ ಕತ್ತರಿಸಿ, ವೈರಿನ ತುದಿ ಸುಲಿದು ತೂತಿಗೆ ತುರುಕಿ, ಅಲುಗಾಡದಂತೆ ಬೆಂಕಿಕಡ್ಡಿ ಸಿಗಿಸುತ್ತಾರೆ. ಬೆಂಕಿಕಡ್ಡಿ ಸಿಗಿಸಿದ ಎಷ್ಟು ಸಾಕೆಟ್ಟು ಕರಗಿ ನಮ್ಮ ಅಂಗಡಿಗೆ ಬಂದವೋ, ದೇವರೇ ಬಲ್ಲ. ಒಂದು ಹೊಲಿಗೆ ಮನೆಯಲ್ಲಿ ಬಟ್ಟೆಯ ಗಂಟಿಗೇ ಬೆಂಕಿ ಹತ್ತಿತು. ಮರುದಿನ ಹೊಸ ಸಾಕೆಟ್ ಹಾಕಲು ಹೋದ ನನಗೆ ಪಕ್ಕದ ಬೋರ್ಡಿನಲ್ಲಿ ಮತ್ತೆ ಎರಡು ಬೆಂಕಿಕಡ್ಡಿ ಕಂಡವು. ಹೇಳಿದರೆ ನಕ್ಕರು.

ನಮ್ಮ ಕಡೆ ಇನ್ನೊಂದು ಚಾಳಿ ಇದೆ. ಸಂಜೆಯಾದರೆ ಹಳ್ಳಿಗಳಲ್ಲಿ ವೋಲ್ಟೇಜು ಬೀಳುತ್ತಿತ್ತು. ಬಲ್ಬು ಕೆಂಪಗಾಗುತ್ತಿತ್ತು, ಹಿಟ್ಟಿನ ಗಿರಣಿ ನರಳುತ್ತಿತ್ತು. ಮೂರು ಫೇಸು ಇರುವ ಕಡೆ, ಒಂದು ಮಂದವಾದರೆ ಫ್ಯೂಸು ಕಿತ್ತು ಇನ್ನೊಂದು ಫೇಸಿಗೆ ಹಾಕುವುದು ವಾಡಿಕೆ. ಎಲೆಕ್ಟ್ರಿಷಿಯನ್ ಬೇಕಾಗಿರಲಿಲ್ಲ, ಮನೆಯ ಹೆಂಗಸರಿಗೂ ಬರುತ್ತಿತ್ತು. "ಈ ಪಾಯಿಂಟ್ ಡಲ್ ಐತ್ರಿ, ಆ ಪಾಯಿಂಟಿಗೆ ಹಾಕ್ರಿ" ಎನ್ನುವುದು ನಮ್ಮಲ್ಲಿ ನೀರು ಬೇಕಾ ಎಂದಷ್ಟೇ ಸಹಜವಾದ ಮಾತು. ಮಷಿನ್ ಮಂದವಾಗಿ ತಿರುಗಿದರೆ ತಪ್ಪು ಕರೆಂಟಿನದು, ಮಷಿನಿನದಲ್ಲ ಎಂದು ನಮ್ಮ ಜನ ಹುಟ್ಟುತ್ತಲೇ ತಿಳಿದುಕೊಂಡಿದ್ದಾರೆ. ಅವರನ್ನು ದೂರಿ ಏನು ಮಾಡುವುದು, ಬಹಳ ಸಲ ಅದೇ ನಿಜವೂ ಆಗಿರುತ್ತಿತ್ತು.

ತಪ್ಪು ವೋಲ್ಟಿನ ಮಷಿನನ್ನು ನಾನು ಮೊದಲು ನೋಡಿದ್ದು ಗಾದಿಲಿಂಗಪ್ಪ ಎಂಬ ಬಡಗಿಯ ಕೈಯಲ್ಲಿ. ಸೌದಿಯಲ್ಲಿ ದುಡಿದು ಊರಿಗೆ ಬಂದವನು ಹಲಗೆ ನುಣುಪು ಮಾಡುವ ರಂದಾ ಮಷಿನ್ ತಂದಿದ್ದ. ಹೆಂಡತಿಗೆ ಸೀರೆ ತಂದಿದ್ದನೋ ಇಲ್ಲವೋ, ಮಷಿನನ್ನು ಮಾತ್ರ ಮೂರು ಟವಲ್ಲಿನಲ್ಲಿ ಸುತ್ತಿ ತಂದಿದ್ದ. ಊರವರನ್ನೆಲ್ಲ ಕರೆದು, ಕಾಯಿ ಒಡೆದು, ಸ್ವಿಚ್ ಹಾಕಿದನಂತೆ. ಮಷಿನ್ ಕಿರುಚಿಕೊಂಡು ತಿರುಗಿ, ಹೊಗೆ ಬಿಟ್ಟು ನಿಂತಿತು. ಬಿಸಿ ಆರುವ ಮೊದಲೇ ಅಂಗಡಿಗೆ ಎತ್ತಿಕೊಂಡು ಬಂದ.

"ಹೆಂಗ ಕೂಗ್ತ್ರಿ ಉಸ್ತಾದ್! ಕುರಿ ಕೊಯ್ದಾಗ ಕೂಗಿದಂಗ ಕೂಗ್ತು" ಎಂದ.

ಉಸ್ತಾದ್ ಕನ್ನಡಕ ಏರಿಸಿ ಪ್ಲೇಟು ಓದಿದರು. ನೂರ ಹತ್ತು ವೋಲ್ಟು. "ಅಲ್ಲಿ ಮನಿಯಾಗ ಇಷ್ಟ ಕೊಡ್ತಿದ್ರಪ್ಪ. ನೀನು ಅದಕ್ಕ ಎರಡರಷ್ಟು ಕುಡಿಸೀಯ" ಎಂದರು. ವೋಲ್ಟು ಎರಡರಷ್ಟಾದರೆ ಒಳಗಿನ ಬಿಸಿ ಎರಡರಷ್ಟಲ್ಲ, ನಾಲ್ಕರಷ್ಟು ಎಂದು ನನಗೆ ಕಲಿಸಿದ್ದು ಅವತ್ತೇ. ಸಣ್ಣ ತಂತಿಯಿಂದ ಮತ್ತೆ ಸುತ್ತಿ ಕೊಟ್ಟರು. ನಾಲ್ಕು ಹಲಗೆ ಕೆರೆದು ಅದು ಮತ್ತೆ ಸತ್ತಿತು. ಗಾದಿಲಿಂಗಪ್ಪ ಆ ಮಷಿನನ್ನು ಮಾರಲೂ ಇಲ್ಲ, ಎಸೆಯಲೂ ಇಲ್ಲ. ಅದೇ ಟವಲ್ಲಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟುಕೊಂಡ.

ಅಂದಿನಿಂದ ಗುರುತಿಲ್ಲದ ಮಷಿನ್ ಯಾವುದೇ ಬರಲಿ, ನಾವು ಅದಕ್ಕೆ ನೇರ ಕರೆಂಟು ಕೊಡುತ್ತಿರಲಿಲ್ಲ. ದಾರಿಯಲ್ಲಿ ಒಂದು ದೊಡ್ಡ ಬಲ್ಬು ಸೇರಿಸಿ ಕೊಡುತ್ತಿದ್ದೆವು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರಾ ಉರಿಯುತ್ತದೆ, ಮಷಿನ್ ಉಳಿಯುತ್ತದೆ. ಈಗ ನಿಮ್ಮ ಹತ್ತಿರ ವೈರು ಮುಟ್ಟದೆ ಆಂಪಿಯರ್ ತೋರಿಸುವ ಮೀಟರುಗಳಿವೆ. ಒಳ್ಳೆಯದೇ. ಆದರೂ ಒಂದು ಬಲ್ಬು ಇಟ್ಟುಕೊಳ್ಳಿ.

ಚೀಪಾದ ಮಷಿನ್‌ಗಳು ಬಂದ ಮೇಲೆ ವೈಂಡಿಂಗ್ ಮಾಡಿಸುವವರು ಕಡಿಮೆಯಾದರು. ಸುಟ್ಟರೆ ಎಸೆದು ಹೊಸದು ಕೊಳ್ಳುತ್ತಿದ್ದರು. ಉಸ್ತಾದ್ ಬೆಳಗ್ಗೆ ಬಾಗಿಲು ತೆಗೆದು, ಗಲ್ಲಾಪೆಟ್ಟಿಗೆಗೆ ಊದುಬತ್ತಿ ಹಚ್ಚಿ, ರಸ್ತೆ ನೋಡುತ್ತ ಕೂರುತ್ತಿದ್ದರು. ಒಂದು ದಿನ ಅವರೇ, "ಮಡಕಶಿರ ಕಡೆ ಕಲ್ಲಿನ ಫ್ಯಾಕ್ಟರಿಯಾಗ ಕೇಳ್ಯಾರ, ಹೋಗಪ್ಪ. ಇಲ್ಲಿ ಇಬ್ಬರೂ ಕುಂತು ನೊಣ ಹೊಡಿಯೋದು ಯಾಕ" ಎಂದರು. ನಾನು ಹೋದೆ. ಅಂಗಡಿ ಹೆಚ್ಚು ದಿನ ನಡೆಯಲಿಲ್ಲ ಎಂದು ಆಮೇಲೆ ಕೇಳಿದೆ.

ಗ್ರಾನೈಟ್ ಫ್ಯಾಕ್ಟರಿಯೆಂದರೆ ಒಂದು ಕಡೆ ಧೂಳು, ಇನ್ನೊಂದು ಕಡೆ ನೀರು. ಒಣ ಗ್ರೈಂಡರಿನಿಂದ ಕಲ್ಲಿನ ಅಂಚು ಕೊರೆಯುವ ಕಡೆ ಮುಖ ಕಾಣದಷ್ಟು ಬಿಳಿ ಧೂಳು. ಪಾಲಿಷ್ ಮಾಡುವ ಕಡೆ ಕಲ್ಲಿನ ಮೇಲೆ, ನೆಲದ ಮೇಲೆ, ಕೈ ಮೇಲೆ ಸದಾ ನೀರು. ಪಾಲಿಷ್ ಮಷಿನಿಗೆ ಸಣ್ಣ ಪೈಪಿನಿಂದ ನೀರು ಬಿಟ್ಟುಕೊಂಡೇ ಉಜ್ಜಬೇಕು. ನಾವು ಮಾಡುತ್ತಿದ್ದುದು ಹೆಚ್ಚಾಗಿ ಹೊರದೇಶದವರ ಗೋರಿಗಲ್ಲುಗಳು. ಹೆಸರು ಕೆತ್ತದ ಗೋರಿಗಲ್ಲುಗಳನ್ನು ಸಾಲಾಗಿ ನಿಲ್ಲಿಸಿರುತ್ತಿದ್ದರು. ಹೊಸದಾಗಿ ಬಂದವರಿಗೆ ಅಲ್ಲಿ ಬುತ್ತಿ ಉಣ್ಣಲು ಮನಸ್ಸಾಗುತ್ತಿರಲಿಲ್ಲ, ಆಮೇಲೆ ಅದರ ಮೇಲೇ ಬುತ್ತಿ ಬಿಚ್ಚುತ್ತಿದ್ದರು.

ಗಂಗಪ್ಪ ಅಲ್ಲಿ ಪಾಲಿಷ್ ಕೆಲಸದವನು. ಅಮರಾಪುರದ ಕಡೆಯವನು, ಮನೆಯಲ್ಲಿ ಕುರಿ ಸಾಕಿದ್ದರು. ಕಲ್ಲು ಸಾಕಷ್ಟು ಹೊಳೆದಿದೆಯೇ ಎಂದು ನೋಡಲು ಅದರಲ್ಲಿ ತನ್ನ ಮೀಸೆ ನೋಡಿಕೊಳ್ಳುತ್ತಿದ್ದ. ಮೀಸೆಯ ಬಿಳಿ ಕೂದಲು ಕಂಡರೆ ಕಲ್ಲು ಪಾಸು. "ಇನ್ನೊಂದೀಟು ಉಜ್ಜಿದ್ರೆ ನನ್ ವಯಸ್ಸೂ ಗೊತ್ತಾಗೋಯ್ತದೆ, ಬ್ಯಾಡ ಬಿಡು" ಎಂದು ನಿಲ್ಲಿಸುತ್ತಿದ್ದ. ಕುಡಿತ ಇತ್ತು. ಒಂದು ಸಲ ನಮ್ಮ ಕಡೆಯ ನೇಮಕಲ್ಲು ಆಂಜನೇಯನ ಗುಡಿಗೆ ನಾನೇ ಅವನನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ದೇವರೆದುರು ಬಿಟ್ಟೆ ಎಂದ, ಬಿಟ್ಟ. ಲಕ್ಷ್ಮಕ್ಕ ಅದಕ್ಕಾಗಿ ನನಗೆ ವರ್ಷವೂ ರಾಗಿ ಕಳಿಸುತ್ತಿದ್ದಳು.

ಕಲ್ಲು ಕೊಳ್ಳುವ ಹೊರದೇಶದವರು ಒಮ್ಮೆ ಫ್ಯಾಕ್ಟರಿ ನೋಡಲು ಬಂದರು. ಅವರ ಜೊತೆಗಿದ್ದ ಎಂಜಿನಿಯರು ಪಾಲಿಷ್ ಶೆಡ್ಡಿನ ಬಾಗಿಲಲ್ಲೇ ನಿಂತ. ಒಳಗೆ ನೀರಲ್ಲಿ ಬರಿಗಾಲಲ್ಲಿ ನಿಂತು ಇನ್ನೂರ ಮೂವತ್ತು ವೋಲ್ಟಿನ ಮಷಿನ್ ಹಿಡಿದವರನ್ನು ನೋಡಿದ. ಕರೆದರೂ ಒಳಗೆ ಕಾಲಿಡಲಿಲ್ಲ. ಕೆಲವು ತಿಂಗಳಲ್ಲಿ, ನೂರ ಹತ್ತು ವೋಲ್ಟಿನ ಪಾಲಿಷ್ ಮಷಿನ್‌ಗಳೂ ಅವಕ್ಕೆ ಕರೆಂಟು ಇಳಿಸಿ ಕೊಡುವ ಹಳದಿ ಟ್ರಾನ್ಸ್‌ಫಾರ್ಮರ್ ಡಬ್ಬಗಳೂ ಬಂದವು. ಆ ಡಬ್ಬದ ಗುಣ ಏನೆಂದರೆ, ಮಷಿನಿಗೆ ನೂರ ಹತ್ತು ಕೊಟ್ಟರೂ ವೈರಿಗೂ ನೆಲಕ್ಕೂ ನಡುವೆ ಇರುವುದು ಅದರ ಅರ್ಧ ಮಾತ್ರ. ಒದ್ದೆ ಕೈಯವನಿಗೆ ಹೊಡೆದರೂ ಬದುಕುವ ಹಾದಿ ಇರುತ್ತದೆ. ಮಷಿನ್‌ಗಳ ಮೈಯೂ ನೀರು ಒಳಗೆ ಹೋಗದಂತೆ ಕಟ್ಟಿದ್ದು. ಒಣ ಗ್ರೈಂಡರುಗಳು ಮಾತ್ರ ಮೊದಲಿನ ಹಾಗೆ ಇನ್ನೂರ ಮೂವತ್ತರವು, ಅವುಗಳ ಮೈತುಂಬ ಗಾಳಿ ಆಡಲು ಕಂಡಿಗಳು.

ಮ್ಯಾನೇಜರು ಶ್ರೀನಿವಾಸುಲು. ತೆಲುಗಿನವರು, ಕೋಪ ಜಾಸ್ತಿ, ಮನುಷ್ಯ ಕೆಟ್ಟವರಲ್ಲ. ಒಂದು ಡಬ್ಬಕ್ಕೆ ನಾಲ್ಕು ಮಷಿನ್ ಹಾಕು ಎಂದರು. ಡಬ್ಬದ ತಾಕತ್ತು ಮೂರು ಸಾವಿರ, ಮಷಿನ್ ಒಂದೊಂದೂ ಸಾವಿರದ ಮುನ್ನೂರು ವ್ಯಾಟು, ಎರಡಕ್ಕಿಂತ ಹೆಚ್ಚು ಆಗುವುದಿಲ್ಲ ಎಂದೆ. "ನೀನು ಎಲೆಕ್ಟ್ರಿಷಿಯನ್ನಾ, ಊರ ಲೆಕ್ಕ ಬರೆಯೋ ಕರಣಮಾ? ಯಾವಾಗಲೂ ಲೆಕ್ಕಾನೇ ಹೇಳ್ತೀಯ" ಎಂದು ರೇಗಿದರು. ನಾಲ್ಕು ಹಾಕಿಸಿಯೇ ನೋಡಿದರು. ಡಬ್ಬ ಕೈ ಇಡದಷ್ಟು ಬಿಸಿಯಾಗಿ ತಾನೇ ನಿಂತಿತು. ಮರುವಾರ ಇನ್ನೊಂದು ಡಬ್ಬ ತರಿಸಿದರು.

ಎರಡು ಬಗೆಯ ಕರೆಂಟು ಒಂದೇ ಶೆಡ್ಡಿನಲ್ಲಿದ್ದರೆ ಅವುಗಳ ಪ್ಲಗ್ಗು ಬೇರೆ ಬೇರೆ ಆಕಾರದಲ್ಲಿರಬೇಕು. ಡಬ್ಬದ ಜೊತೆ ಬಂದವು ಹಾಗೇ ಇದ್ದವು, ಹಳದಿ ಬಣ್ಣದ ದುಂಡನೆಯ ಪ್ಲಗ್ಗುಗಳು. ಆದರೆ ಕಲ್ಲಿನ ಕೆಳಗೆ ಸಿಕ್ಕಿ ಒಂದೊಂದಾಗಿ ಒಡೆದವು. ಹಿಂದೂಪುರದಲ್ಲಿ ಕೇಳಿದೆ, ಅಂಥದ್ದನ್ನು ನೋಡಿದವರೇ ಇಲ್ಲ. "ದೊರಕಿದ್ದು ಹಾಕಯ್ಯ, ಆರ್ಡರ್ ನಿಲ್ಲಬಾರದು" ಎಂದರು ಮ್ಯಾನೇಜರು. ಊರಲ್ಲಿ ಸಿಗುವ ಮೂರು ಪಿನ್ನಿನ ಮಾಮೂಲಿ ಪ್ಲಗ್ಗೇ ಎಲ್ಲಕ್ಕೂ ಬಿತ್ತು. ಗುರುತಿಗೆ ಡಬ್ಬದ ಸಾಕೆಟ್ಟಿಗೂ ಅದರ ಮಷಿನ್‌ಗಳಿಗೂ ಹಳದಿ ಪೇಂಟು ಬಳಿದೆವು. ಹುಡುಗರೇ, ಬಣ್ಣದ ಗುರುತನ್ನು ನಂಬಬೇಡಿ.

ಬಣ್ಣ ಸಾಲದೆಂದು ಪಾಲಿಷ್ ಮಾಡುವವರಿಗೆಲ್ಲ ಪ್ಲೇಟಿನ ನಂಬರು ನೋಡುವುದನ್ನೂ ಕಲಿಸಿದೆ. ನೂರ ಹತ್ತು ಇದ್ದರೆ ನೀರು ಬಿಡಬಹುದು, ಇನ್ನೂರ ಮೂವತ್ತು ಕಂಡರೆ ನೀರು ಮುಟ್ಟಿಸಬಾರದು. ಗಂಗಪ್ಪ ಅದನ್ನು ತನಗೆ ಬೇಕಾದ ಹಾಗೆ ಮಾಡಿಕೊಂಡ. "ಒಂದ್ರಿಂದ ಸುರುವಾದ್ರೆ ನೀರು, ಎರಡ್ರಿಂದ ಸುರುವಾದ್ರೆ ಧೂಳು. ಅಷ್ಟೇ ತಾನೆ ಸ್ವಾಮಣ್ಣ? ಬಸ್ಸಿನ ನಂಬ್ರು ಓದ್ಕಂಡೇ ದಿನಾ ಬರ್ತೀನಿ, ಇದೇನು ಮಹಾ" ಎಂದ. ಮಿಕ್ಕವರೂ ಅವನ ಮಾತನ್ನೇ ಹೇಳಿಕೊಂಡು ಓಡಾಡಿದರು. ಅಲ್ಲಿಂದ ಮೇಲೆ ಬಹಳ ಕಾಲ ಏನೂ ಆಗಲಿಲ್ಲ.

ಆ ವರ್ಷ ಆಯುಧಪೂಜೆಗೆ ಓನರು ಬರುವವರಿದ್ದರು. ಶೆಡ್ಡು ಚೆನ್ನಾಗಿ ಕಾಣಲೆಂದು ಮಷಿನ್‌ಗಳಿಗೆ, ಬೋರ್ಡುಗಳಿಗೆ, ಸ್ಟ್ಯಾಂಡುಗಳಿಗೆ ಒಂದೇ ನೀಲಿ ಬಣ್ಣ ಹೊಡೆಸುವುದೆಂದು ಮ್ಯಾನೇಜರು ತೀರ್ಮಾನಿಸಿದರು. ನಾನು ಜಗಳಕ್ಕೇ ಬಿದ್ದೆ. ಹಳದಿ ಗುರುತು ಹೋಗುತ್ತದೆ ಎಂದೆ. ಹಬ್ಬ ಕಳೆದ ಮೇಲೆ ಮತ್ತೆ ಹೊಡೆದರಾಯಿತು ಎಂದರು. ಕೊನೆಗೆ ಪ್ಲೇಟುಗಳ ಮೇಲಾದರೂ ಟೇಪು ಅಂಟಿಸಿ ಬಣ್ಣ ಹೊಡೆಯಿರಿ ಎಂದು ಹಟ ಹಿಡಿದೆ, ಒಪ್ಪಿದರು. ಬಣ್ಣ ಒಣಗಿದ ಮೇಲೆ ಟೇಪು ಕಿತ್ತಾಗ ನೀಲಿ ಮೈ ಮೇಲೆ ಪ್ಲೇಟುಗಳು ಸ್ವಚ್ಛವಾಗಿ ಕಂಡವು. ಅಷ್ಟಾದರೂ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ನಮ್ಮಲ್ಲಿ ಆಯುಧಪೂಜೆಗೆ ಕೆಲಸದವರ ಮನೆಯವರೆಲ್ಲ ಬರುತ್ತಾರೆ. ಮಷಿನ್‌ಗಳನ್ನು ತೊಳೆದು, ಸಾಲಾಗಿ ಜೋಡಿಸಿ, ಬೂದುಗುಂಬಳ ಒಡೆದು, ನಿಂಬೆಹಣ್ಣು ಕೊಯ್ಯುತ್ತಾರೆ. ಮುತ್ತೈದೆಯರು ಅರಿಸಿನ ಕುಂಕುಮ ಹಚ್ಚುತ್ತಾರೆ. ಎಲ್ಲಿ ಹಚ್ಚಬೇಕು? ಮಷಿನಿಗೆ ಹಣೆ ಎಂದು ಕಾಣುವ ಜಾಗ ಒಂದೇ, ಆ ಪ್ಲೇಟು. ಪಾಲಿಷ್ ಸಾಲಿನವಕ್ಕೂ ಪಕ್ಕದ ಒಣ ಗ್ರೈಂಡರುಗಳಿಗೂ ಲಕ್ಷ್ಮಕ್ಕನೇ ಹಚ್ಚಿದಳು. ಎಣ್ಣೆಯಲ್ಲಿ ಕಲಸಿದ ಕುಂಕುಮ, ಉದುರಬಾರದೆಂದು ಹೆಬ್ಬೆರಳಿನಿಂದ ಒತ್ತಿ ಒತ್ತಿ ಹಚ್ಚಿದಳು. ಗಂಗಪ್ಪ ಪಕ್ಕದಲ್ಲಿ ಹೊಸ ಅಂಗಿ ಹಾಕಿಕೊಂಡು ಮದುಮಗನಂತೆ ನಿಂತಿದ್ದ.

ಹಚ್ಚಿದ್ದನ್ನು ಅಳಿಸುವ ಪದ್ಧತಿ ಇಲ್ಲ. ತಾನಾಗಿ ಹೋಗಬೇಕು. ಮರುದಿನ ನಾನು ಮ್ಯಾನೇಜರ ಹತ್ತಿರ ಹೋಗಿ, ಪ್ಲೇಟುಗಳನ್ನು ಒರೆಸಿಬಿಡುತ್ತೇನೆ ಎಂದೆ. "ಏಮಯ್ಯಾ, ದೇವುಡಿ ಪನಿಕಿ ಅಡ್ಡಂ ಚೆಪ್ತಾವಾ? ದೇವರ ಕೆಲಸಕ್ಕೂ ನಿನ್ನ ಲೆಕ್ಕ ಬೇಕಾ?" ಎಂದು ಎಲ್ಲರೆದುರು ಬೈದರು. ಅಲ್ಲಿದ್ದ ಕೆಲಸದವರೂ ಮ್ಯಾನೇಜರ ಕಡೆಗೇ ಇದ್ದರು. ಹಳದಿ ಪೇಂಟು ತರಿಸುವ ಮಾತೂ ನಾಳೆ ನಾಡಿದ್ದು ಎಂದು ಮುಂದಕ್ಕೆ ಹೋಯಿತು.

ಅದು ಒಂದು ಶುಕ್ರವಾರ. ನಾನು ಕಲ್ಲು ಸೀಳುವ ದೊಡ್ಡ ಮಷಿನಿನ ಪ್ಯಾನಲ್ ಬಿಚ್ಚಿ ಕೂತಿದ್ದೆ. ಶೆಡ್ಡಿನಲ್ಲಿ ನಡೆದದ್ದನ್ನು ನನಗೆ ಹೇಳಿದವನು ಗಂಗಪ್ಪನ ಪಕ್ಕದ ಕಲ್ಲು ಉಜ್ಜುತ್ತಿದ್ದ ನಾಗರಾಜ. ಗಂಗಪ್ಪನ ಮಷಿನಿನೊಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು ಸವೆದು ಅದು ನಿಂತಿತಂತೆ. ಸ್ಟ್ಯಾಂಡಿನಿಂದ ಇನ್ನೊಂದು ತಂದ. ಎಲ್ಲವೂ ನೀಲಿ. ಅವನ ಕೈಗೆ ಬಂದದ್ದು ಅದೇ ಗಾತ್ರದ ಒಣ ಗ್ರೈಂಡರು. ಪಾಲಿಷ್ ಬಿಲ್ಲೆಯನ್ನು ಅದಕ್ಕೆ ಸಿಗಿಸಿಕೊಂಡ. ಯಾವಾಗಿನಂತೆ ಡಬ್ಬದ ಸಾಕೆಟ್ಟಿಗೇ ಹಾಕಿದ. ಇನ್ನೂರ ಮೂವತ್ತರ ಮಷಿನಿಗೆ ನೂರ ಹತ್ತು ಕೊಟ್ಟರೆ ಅದು ಸುಡುವುದಿಲ್ಲ, ಮಂದವಾಗಿ ತಿರುಗುತ್ತದೆ. ತಿರುಗಿತು. ಗಂಗಪ್ಪನಿಗೆ ಅನುಮಾನ ಬಂದಿದೆ. ಮಷಿನನ್ನು ಮಗುಚಿ ಪ್ಲೇಟು ನೋಡಿದ. ಕುಂಕುಮ ಮೆತ್ತಿತ್ತು. ಒರೆಸಲೆಂದು ಹೆಬ್ಬೆರಳನ್ನು ಅದರ ಮೇಲೆ ಇಟ್ಟ. ಆಮೇಲೆ ತೆಗೆದ.

"ನಮ್ಮನೇಳು ಹಚ್ಚಿರೋದು ಕಣಲಾ. ಸುಕ್ರವಾರ ಬ್ಯಾರೆ. ಅಳಿಸಬಾರ್ದು" ಎಂದನಂತೆ.

ಆಮೇಲೆ ಅವನು ಮಾಡಿದ್ದು ನಮ್ಮ ಕಡೆಯ ಯಾರೇ ಆದರೂ ಮಾಡುವಂಥದ್ದು. ಈ ಪಾಯಿಂಟು ಡಲ್ಲು ಎಂದು ಪ್ಲಗ್ ಕಿತ್ತು ಗೋಡೆಯ ಇನ್ನೂರ ಮೂವತ್ತರ ಪಾಯಿಂಟಿಗೆ ಹಾಕಿದ. ಮಷಿನ್ ಜೋರಾಗಿ ಓಡಿತು. "ಈಗ್ ನೋಡು ಹೆಂಗ್ ಓಡ್ತೈತೆ" ಎಂದು ನಾಗರಾಜನಿಗೆ ತೋರಿಸಿ, ನೀರಿನ ಪೈಪು ಹತ್ತಿರ ಎಳೆದುಕೊಂಡು ಉಜ್ಜತೊಡಗಿದ. ಗಾಳಿಕಂಡಿಯಿಂದ ನೀರು ಒಳಗೆ ಹೋಗಿದೆ. ಕಿರುಚಾಟ ಕೇಳಿ ನಾನು ಮೈನ್ ಆಫ್ ಮಾಡಿ ಓಡಿದೆ. ಮಷಿನ್ ಅವನ ಕೈಯಲ್ಲೇ ಇತ್ತು. ಮ್ಯಾನೇಜರು ಅವನನ್ನೂ ನನ್ನನ್ನೂ ತಮ್ಮ ಕಾರಿನಲ್ಲೇ ಮಡಕಶಿರದ ಆಸ್ಪತ್ರೆಗೆ ಹಾಕಿಕೊಂಡು ಓಡಿಸಿದರು, ದಾರಿಯುದ್ದಕ್ಕೂ "ಗಂಗಪ್ಪಾ, ಗಂಗಪ್ಪಾ" ಎಂದು ಕರೆಯುತ್ತಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ವಾಪಸು ಬಂದು ನಾನು ಆ ಮಷಿನಿನ ಪ್ಲೇಟು ಒರೆಸಿದೆ. ಒದ್ದೆ ಬಟ್ಟೆ ಚೂರಿನಿಂದ ಒಂದೇ ಸಲ ಎಳೆದೆ, ಅಷ್ಟೇ. ಎರಡು, ಮೂರು, ಸೊನ್ನೆ. ಅಲ್ಲೇ ಒಂದು ಗೋರಿಗಲ್ಲಿನ ಮೇಲೆ ಕೂತೆ. ಇಷ್ಟು ವರ್ಷದಲ್ಲಿ ಅಂಥ ಸಿಟ್ಟು ನನಗೆ ಇನ್ನೊಮ್ಮೆ ಬಂದಿಲ್ಲ. ಯಾರ ಮೇಲೆ ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ಆಮೇಲೆ ಎಲ್ಲವೂ ಸರಿಹೋಯಿತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವ ಹಾಗೆ. ಬೇರೆ ಆಕಾರದ ಪ್ಲಗ್ಗುಗಳನ್ನು ಬೆಂಗಳೂರಿನಿಂದ ತರಿಸಿದರು. ಒಣ ಗ್ರೈಂಡರುಗಳನ್ನು ಬೇರೆ ಶೆಡ್ಡಿಗೆ ಹಾಕಿ ಬೀಗ ಹಾಕಿದರು. ಕರೆಂಟು ಸ್ವಲ್ಪ ಸೋರಿದರೂ ತಾನೇ ಬೀಳುವ ಸ್ವಿಚ್ಚು ಪ್ರತಿ ಬೋರ್ಡಿಗೂ ಬಂತು. ಈಗ ನೀವು ಸೇರುವ ಕಡೆ ಅದು ಇದ್ದೇ ಇರುತ್ತದೆ. ಪದೇ ಪದೇ ಬೀಳುತ್ತದೆ, ಕೆಲಸ ಕೆಡುತ್ತದೆ ಎಂದು ಅದನ್ನು ದಾಟಿಸಿ ವೈರು ಕೊಡು ಎಂದು ಯಾರಾದರೂ ಹೇಳುತ್ತಾರೆ. ಕೊಡು ಎಂದವರ ಕಾಲಿಗೆ ಬಿದ್ದರೂ ಸರಿ, ಕೊಡಬೇಡಿ.

ಗಂಗಪ್ಪ ಕುಡಿದಿದ್ದ ಎಂಬ ಮಾತನ್ನು ಯಾರು ಹುಟ್ಟಿಸಿದರೋ ತಿಳಿಯದು. ಹಿಂದಿನ ದಿನ ಊರಲ್ಲಿ ಯಾರದೋ ಮನೆಯಲ್ಲಿ ಮರಿ ಕಡಿದು ಬಾಡೂಟ ಇಟ್ಟಿದ್ದರಂತೆ, ಅಷ್ಟು ಸಾಕಾಯಿತು. ಅಷ್ಟು ಅನುಭವದವನು ಒಣ ಮಷಿನಿಗೆ ನೀರು ಬಿಟ್ಟನೆಂದರೆ ಮತ್ತಿನ್ನೇನು ಎಂದು ಫ್ಯಾಕ್ಟರಿಯಲ್ಲೂ ಆಡಿಕೊಂಡರು. ಮಾತು ಅಮರಾಪುರದವರೆಗೆ ಹೋಗಿ ಲಕ್ಷ್ಮಕ್ಕನ ಮನೆ ಬಾಗಿಲು ಮುಟ್ಟಿತು. ಗಂಡನ ಅಣ್ಣತಮ್ಮಂದಿರೇ, ದೇವರಿಗೆ ಕೊಟ್ಟ ಮಾತು ತಪ್ಪಿದ, ಅದಕ್ಕೇ ಹೀಗಾಯಿತು ಎಂದರಂತೆ.

ಅವಳು ಕೇಳಲು ಬಂದೇ ಬರುತ್ತಾಳೆಂದು ನನಗೂ ನಾಗರಾಜನಿಗೂ ಗೊತ್ತಿತ್ತು. ನಾಗರಾಜ ಒಂದೇ ಮಾತು ಹಿಡಿದಿದ್ದ. "ಕುಂಕುಮದ ವಿಷ್ಯ ಎತ್ತಬ್ಯಾಡ ಸ್ವಾಮಣ್ಣ. ಪೇಂಟು ಮೆತ್ಕಂಡಿತ್ತು, ಕಾಣ್ಲಿಲ್ಲ ಅನ್ನು. ಸಾಯೋಗಂಟ ಆ ಹೆಂಗ್ಸು ಕೈ ನೋಡ್ಕಂಡು ಅಳ್ತಾಳೆ." ಅವಳು ಅಳುತ್ತಾಳೆ ಎಂದದ್ದು ಸುಳ್ಳಲ್ಲ. ಆದರೆ ಪ್ಲೇಟು ಟೇಪಿನಿಂದ ಉಳಿದದ್ದನ್ನು ಪೂಜೆ ದಿನ ಅವಳೇ ನೋಡಿದ್ದಾಳೆ. ಪೇಂಟು ಎಂದರೆ ಅವಳು ನಂಬುವುದಿಲ್ಲ, ಕುಡಿದಿದ್ದನ್ನೇ ಮುಚ್ಚಿಡುತ್ತಿದ್ದಾರೆ ಎಂದುಕೊಳ್ಳುತ್ತಾಳೆ. ನಿಜ ಹೇಳಿದರೆ ಗಂಗಪ್ಪನ ಹೆಸರು ಉಳಿಯುತ್ತದೆ, ಅವಳು ಬೇಯುತ್ತಾಳೆ. ನಾನು ಎಷ್ಟೋ ದಿನ ಊಟ ಬಿಟ್ಟು ಯೋಚಿಸಿದೆ.

ತಿಥಿ ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ನನ್ನ ಪ್ಯಾನಲ್ ರೂಮಿಗೆ ಬಂದಳು. ಹಣೆ ಖಾಲಿ. ಕುಂದ್ರಮ್ಮ ಎಂದು ಸ್ಟೂಲು ಕೊಟ್ಟರೂ ನೆಲದ ಮೇಲೇ ಕೂತಳು.

"ಸ್ವಾಮಣ್ಣ, ನಿಮ್ ದೇವ್ರ ಮುಂದೇನೇ ಬಿಟ್ಟಿದ್ರು. ಅವತ್ತು ಕುಡ್ದಿದ್ರಾ? ನಿಜ ಹೇಳಣ್ಣ."

"ಇಲ್ಲಮ್ಮ. ಒಂದು ಹನಿ ಕುಡಿದಿದ್ದಿಲ್ಲ. ಆಂಜನೇಯನ ಆಣಿ."

"ಹಂಗಾದ್ರೆ ಆ ಮಿಷನ್ಗೆ ಯಾಕೆ ನೀರು ಬಿಟ್ರು? ಒಂದಕ್ಕೆ ನೀರು, ಎರಡಕ್ಕೆ ಧೂಳು ಅಂತ ಮನೇಗೆ ಬಂದು ನನ್ ಮಗಳ್ಗೂ ಬಾಯ್ಪಾಠ ಮಾಡ್ಸಿದ್ರು. ನೋಡ್ದೆ ಹಾಕೋರಲ್ಲ."

"ನೋಡಿದ್ದನಮ್ಮ. ಹೊಳ್ಳಿಸಿ ನೋಡಿದ್ದ." ಪೂರಾ ಹೇಳಿದೆ. ಪ್ಲೇಟಿನ ಮೇಲೆ ಕುಂಕುಮ ಇದ್ದದ್ದು, ಹೆಬ್ಬೆರಳು ಇಟ್ಟದ್ದು, ತೆಗೆದದ್ದು, ನಾಗರಾಜನಿಗೆ ಅವನು ಅಂದ ಮಾತು. ಒಂದಕ್ಷರ ಬಿಡಲಿಲ್ಲ, ಒಂದಕ್ಷರ ಸೇರಿಸಲಿಲ್ಲ. ಅದು ನಿನ್ನ ತಪ್ಪಲ್ಲ, ಒರೆಸಲು ಬಿಡದ ನಮ್ಮೆಲ್ಲರದು ಎಂದೂ ಹೇಳಿದೆ. ಆ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ.

ಅವಳು ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದಳು.

"ಅಳಿಸ್ಬಿಟ್ಟೆ ಕಣೇ ಅಂತ ಮನೇಗೆ ಬಂದು ಹೇಳಿದ್ರೆ ನಾನೇ ಬೈತಿದ್ದೆ ಸ್ವಾಮಣ್ಣ" ಎಂದಳು. "ಬೈಸ್ಕಂಡಿರೋರು, ಅಷ್ಟೆಯ."